ಬೋರ್ಡಿನ ಮೇಲಿನ ಹೊಟ್ಟೆ

ಬೆಳಗಿನ ಎಂಟು ಗಂಟೆಗೆ ಬಾಮೈದ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಪರದೆಯನ್ನು ತಮ್ಮ ಕಡೆ ತಿರುಗಿಸಿದಾಗ ಗುಮಾಸ್ತರು ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಿದ್ದರು. ಪರದೆ ನೋಡಿದರು. ಬಿಸ್ಕತ್ತು ಮುರಿದು ಟೀಯೊಳಗೆ ಮುಳುಗಿತು. ಅದನ್ನು ಚಮಚದಲ್ಲಿ ಹುಡುಕುವ ನೆಪ ಮಾಡಿಕೊಂಡು ಇನ್ನೊಮ್ಮೆ ನೋಡಿದರು. ಅನುಮಾನಕ್ಕೆ ಜಾಗವೇ ಇರಲಿಲ್ಲ. ಪರದೆಯ ಮೇಲೆ ನಿಂತಿದ್ದವರು ಸಾಕ್ಷಾತ್ ತಾವೇ.

ಅದು ಅವರ ಹೆಂಡತಿ ಮಾರನೆಯ ದಿನ ತೆರೆಯಲಿದ್ದ ‘ಹಗುರ’ ಎಂಬ ತೂಕ ಇಳಿಸುವ ಕೇಂದ್ರದ ಲೋಗೊ. ಎಡಗಡೆ ದಪ್ಪನೆಯ ಒಂದು ಆಕೃತಿ, ಬಲಗಡೆ ಸಪೂರವಾದ ಇನ್ನೊಂದು, ನಡುವೆ ಹಸಿರು ಬಾಣ. ಕಣ್ಣು, ಮೂಗು, ಕೂದಲು, ಬಟ್ಟೆ ಏನೂ ಇಲ್ಲ, ಬರೀ ನೆರಳಿನಂಥ ಆಕಾರ. ಆದರೆ ಎಡಗಡೆಯ ಆಕಾರವನ್ನು ನೋಡಬೇಕು. ಎದೆ ಮುಗಿಯುವ ಮೊದಲೇ ಹೊಟ್ಟೆ ಶುರು. ತಲೆ ನೇರವಾಗಿ ಭುಜದ ಮೇಲೆ ಕೂತುಬಿಟ್ಟಿದೆ, ನಡುವೆ ಕತ್ತು ಅನ್ನುವುದೊಂದಿಲ್ಲ. ಮೈ ಒಂಚೂರು ಎಡಕ್ಕೆ ವಾಲಿದೆ. ಒಂದು ಕೈ ಸೊಂಟದ ಹತ್ತಿರ ಆತುಕೊಂಡಿದೆ. ಇಪ್ಪತ್ತು ವರ್ಷ ಎಡಗೈಯಲ್ಲಿ ಫೈಲು ತುಂಬಿದ ಚೀಲ ಹಿಡಿದು ಓಡಾಡಿದ್ದರಿಂದ ಗುಮಾಸ್ತರ ಮೈ ಹೀಗೇ ಎಡಕ್ಕೆ ವಾಲುತ್ತಿತ್ತು. ಊಟವಾದ ಮೇಲೆ ಹೊಟ್ಟೆಯ ಪಕ್ಕಕ್ಕೆ ಕೈ ಕೊಟ್ಟು ನಿಲ್ಲುವುದಂತೂ ಅವರ ಹಳೆಯ ಅಭ್ಯಾಸ.

ಈ ಹೊಟ್ಟೆ ಪೂರ್ತಿ ಅವರ ಸ್ವಯಾರ್ಜಿತವೇನೂ ಅಲ್ಲ. ಹೆಂಡತಿ ಒಂದೂವರೆ ವರ್ಷ ಹಟ ಹಿಡಿದು ಇಪ್ಪತ್ತೆರಡು ಕೆಜಿ ಇಳಿಸಿದ್ದರು. ಆ ಅವಧಿಯಲ್ಲಿ ಆಕೆ ತಟ್ಟೆಯಿಂದ ಆಚೆ ಸರಿಸಿದ್ದನ್ನೆಲ್ಲ, ಹಾಳಾಗುವುದನ್ನು ನೋಡಲಾರದೆ, ಇವರು ಈಚೆ ಸರಿಸಿಕೊಂಡಿದ್ದರು. ಬೀದಿಯ ಹೆಂಗಸರೆಲ್ಲ ಬಂದು ‘ಹೇಗೆ ಇಳಿಸಿದ್ರಿ, ನಮಗೂ ಹೇಳಿಕೊಡಿ’ ಎಂದು ದುಂಬಾಲು ಬಿದ್ದದ್ದರಿಂದಲೇ ಈ ಕೇಂದ್ರ ಹುಟ್ಟಿದ್ದು. ಇವರನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಲೆಕ್ಕ ಹಾಕಿದರೆ ಮನೆಯ ಒಟ್ಟು ತೂಕದಲ್ಲಿ ವ್ಯತ್ಯಾಸವೇನೂ ಆಗಿರಲಿಲ್ಲ, ಜಾಗ ಬದಲಾಯಿಸಿತ್ತು ಅಷ್ಟೇ.

“ಹೇಗಿದೆ ಭಾವ?” ಬಾಮೈದ ಕೇಳಿದ. ಎಂಟು ವರ್ಷದಿಂದ ಲೋಗೊ ಬರೆಯುವುದೇ ಅವನ ಕಸುಬು.

“ಇದು ಯಾರು?”

“ಯಾರು ಅಂದ್ರೆ?”

“ಈ ಎಡಗಡೆ ನಿಂತಿರೋರು.”

ಬಾಮೈದ ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. “ಒಂದು ಫೋಟೋ ನೋಡ್ಕೊಂಡೇ ಬರೆದೆ. ಯಾರದು ಅಂತ ಹೇಳೋ ಹಾಗಿಲ್ಲ. ನಾಳೆ ಎಲ್ಲರ ಮುಂದೆ ಅಕ್ಕ ತಾನೇ ಹೇಳ್ತಾಳಂತೆ.”

ಗುಮಾಸ್ತರು ಟೀ ಕಪ್ಪನ್ನು ಆಚೆ ಸರಿಸಿದರು. ಎಲ್ಲರ ಮುಂದೆ.

ಅವರ ಕಷ್ಟ ಅರ್ಥವಾಗಬೇಕಾದರೆ ಒಂದು ಹಳೆಯ ಸಂಗತಿ ತಿಳಿದಿರಬೇಕು. ಶಾಲೆಯಲ್ಲಿ ಅವರಿಗೆ, ನೀರು ತುಂಬಿಡುವ ದೊಡ್ಡ ಹೊಟ್ಟೆಯ ಪಾತ್ರೆಗೆ ಹೋಲಿಸಿ, ‘ಗುಡಾಣ’ ಎಂದು ಹೆಸರಿತ್ತು. ಹುಡುಗರು ಇಟ್ಟ ಹೆಸರು ಮೇಷ್ಟ್ರುಗಳ ಬಾಯಿಗೂ ಹತ್ತಿ, ಒಮ್ಮೆ ಹಾಜರಿ ಕೂಗುವಾಗಲೂ ಬಂದುಬಿಟ್ಟಿತ್ತು. ಆ ಹೆಸರನ್ನು ಕಳೆದುಕೊಳ್ಳಲು ಊರು ಬಿಟ್ಟರು, ಎರಡು ಸಲ ಕೇಳಿ ವರ್ಗ ಮಾಡಿಸಿಕೊಂಡರು. ಈಗ ನೀರು ಸರಬರಾಜು ಕಚೇರಿಯಲ್ಲಿ ಎಲ್ಲರೂ ಮರ್ಯಾದೆಯಿಂದ ‘ಗುಮಾಸ್ತರೇ’ ಎನ್ನುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಅವರು ಗಳಿಸಿದ್ದೆಂದರೆ ಅದೊಂದೇ. ಹೆಂಡತಿಯ ಕೇಂದ್ರವಿದ್ದದ್ದು ಅದೇ ಕಚೇರಿಯ ಎದುರು, ರಸ್ತೆಯ ಆ ಬದಿಯ ಕಟ್ಟಡದ ಮೊದಲನೆಯ ಮಹಡಿಯಲ್ಲಿ. ಎಂಟಡಿ ಅಗಲದ ಬೋರ್ಡು. ಕಚೇರಿಯ ಯಾವ ಕಿಟಕಿಯಿಂದ ನೋಡಿದರೂ ಕಾಣುವಂಥದ್ದು.

ಅಷ್ಟರಲ್ಲಿ ಹೆಂಡತಿ ಸೌಟು ಹಿಡಿದ ಕೈಯನ್ನು ಸೊಂಟಕ್ಕೆ ಕೊಟ್ಟು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು. “ನೋಡಿದ್ರಾ? ನನಗಂತೂ ಇಷ್ಟ ಆಯ್ತು. ನೀವೊಂದ್ಸಲ ತಪ್ಪು ಹುಡುಕಿಬಿಡಿ. ಫೈಲಲ್ಲಿ ಒಂದು ಚುಕ್ಕಿ ಬಿಟ್ಟುಹೋದ್ರೂ ಹಿಡಿಯೋರು ನೀವು. ಸಾಯಂಕಾಲ ಐದಕ್ಕೆ ಬೋರ್ಡು ಮಾಡೋರಿಗೆ ಹೋಗ್ಬೇಕು.” ಅಷ್ಟು ಹೇಳಿ, ತೂಕದ ಯಂತ್ರ ಬರುತ್ತದೆಂದು ಕೇಂದ್ರಕ್ಕೆ ಹೊರಟೇಹೋದರು.

ಗುಮಾಸ್ತರು ಪೇಚಿಗೆ ಸಿಕ್ಕಿಕೊಂಡದ್ದು ಇಲ್ಲೇ. ‘ಇದು ನಾನು, ತೆಗಿ’ ಅನ್ನುವ ಹಾಗಿಲ್ಲ. ಹಾಗಂದರೆ ತಾನು ಹೀಗಿದ್ದೇನೆಂದು ತನ್ನ ಬಾಯಿಂದಲೇ ಒಪ್ಪಿಕೊಂಡಂತೆ. ಸುಮ್ಮನಿರುವ ಹಾಗೂ ಇಲ್ಲ.

“ಏನೋ ಒಂಥರಾ ಇದೆ,” ಎಂದರು.

“ಒಂಥರಾ ಅಂದ್ರೆ?”

“ಸ್ವಲ್ಪ ಜಾಸ್ತಿ ಆಯ್ತು ಅಂತ.”

“ಯಾವುದು ಜಾಸ್ತಿ ಆಯ್ತು ಭಾವ? ಬಣ್ಣಾನಾ, ಅಕ್ಷರಾನಾ, ಅಂತರಾನಾ?” ಬಾಮೈದ ಲ್ಯಾಪ್‌ಟಾಪಿನಿಂದ ಕೈ ತೆಗೆದು ಕುರ್ಚಿಗೆ ಒರಗಿದ. “ನೋಡಿ, ‘ಒಂಥರಾ ಇದೆ’ ಅನ್ನೋದು ಫೀಡ್‌ಬ್ಯಾಕ್ ಅಲ್ಲ. ಒಬ್ಬರು ಹಸಿರು ಬಣ್ಣ ಇನ್ನೂ ಸಂತೋಷವಾಗಿರಲಿ ಅಂದ್ರು. ಇನ್ನೊಬ್ಬರು ಹದಿನಾಲ್ಕು ಸಲ ತಿದ್ದಿಸಿ, ಮೊದಲನೇದೇ ಚೆನ್ನಾಗಿತ್ತು ಅಂದ್ರು. ಅವತ್ತಿಂದ ನಂದೊಂದು ನಿಯಮ ಇದೆ. ಏನಿದ್ರೂ ಬರವಣಿಗೆಯಲ್ಲಿ ಕೊಡ್ಬೇಕು. ಎಲ್ಲಿ ಸರಿಯಿಲ್ಲ, ಏನು ಸರಿಯಿಲ್ಲ, ಯಾಕೆ ಸರಿಯಿಲ್ಲ.”

“ಎಡಗಡೆಯವರನ್ನ ಪೂರ್ತಿ ತೆಗೆದು ಬಲಗಡೆಯವರನ್ನ ಮಾತ್ರ ಇಟ್ರೆ?”

“ಆಗ ಅದು ರಸ್ತೆ ದಾಟೋರಿಗೆ ಹಾಕೋ ಬೋರ್ಡಾಗುತ್ತೆ.”

“ಹೋಗಲಿ, ಹೊಟ್ಟೆ ಒಂಚೂರು ಕಮ್ಮಿ ಮಾಡಿದ್ರೆ?”

“ಕಮ್ಮಿ ಮಾಡೋದು ಅಕ್ಕನ ಕೆಲಸ ಭಾವ. ನಂದಲ್ಲ.” ಬಾಮೈದ ಎರಡು ಪ್ರತಿ ಮುದ್ರಿಸಿ ಕೈಗಿಟ್ಟ. “ನಿಮ್ಮೊಬ್ಬರಿಗೇ ಹಾಗನ್ಸಿದ್ರೆ ಬದಲಾಯಿಸೋಕಾಗಲ್ಲ. ನಾಲ್ಕು ಜನಕ್ಕೆ ತೋರಿಸಿ. ಅವರಿಗೂ ಹಾಗೇ ಅನ್ಸಿದ್ರೆ ಬರೆದು ಕಳಿಸಿ. ನಾಲ್ಕು ಗಂಟೆ ಒಳಗೆ.”

ಗುಮಾಸ್ತರು ಆ ಎರಡು ಹಾಳೆಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತ ಗೇಟಿಗೆ ಬಂದರೋ ಇಲ್ಲವೋ, ಗಿಡಕ್ಕೆ ನೀರು ಹಿಡಿಯುತ್ತಿದ್ದ ಮಹಡಿ ಮನೆಯ ಯಜಮಾನಿ ಪೈಪನ್ನು ಕೆಳಗಿಟ್ಟರು. ಆ ಗೇಟು ದಾಟುವ ಯಾವ ಕಾಗದವನ್ನೂ ಆಕೆ ಓದದೆ ಬಿಟ್ಟವರಲ್ಲ.

“ಏನದು ಕೈಯಲ್ಲಿ? ಪತ್ರ ಬಂತಾ?”

ನಾಲ್ಕು ಜನಕ್ಕೆ ತೋರಿಸಬೇಕಲ್ಲ, ಇಲ್ಲಿಂದಲೇ ಶುರುವಾಗಲಿ ಎಂದುಕೊಂಡು ಗುಮಾಸ್ತರು ಒಂದು ಹಾಳೆ ಚಾಚಿದರು. “ಸುಮ್ನೆ ಕೇಳ್ತೀನಿ. ಈ ಎಡಗಡೆ ಚಿತ್ರ ನೋಡಿದ್ರೆ ನಿಮಗೆ ಯಾರ ನೆನಪಾಗುತ್ತೆ?”

ಆಕೆ ಚಿತ್ರ ನೋಡಿದರು. ಗುಮಾಸ್ತರನ್ನು ನೋಡಿದರು. ಇವರು ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಆದಷ್ಟು ಒಳಕ್ಕೆಳೆದುಕೊಂಡು ನಿಂತರು. ಆಕೆಯ ದೃಷ್ಟಿ ಅಲ್ಲಿ ನಿಲ್ಲದೆ ಮೇಲಕ್ಕೆ, ಬಾಲ್ಕನಿಯಲ್ಲಿ ಪೇಪರು ಓದುತ್ತಿದ್ದ ಗಂಡನ ಕಡೆಗೆ ಹೋಯಿತು.

“ಇವರದ್ದೇ. ಅಳತೆ ತಗೊಂಡು ಬರೆದ ಹಾಗಿದೆ. ತನ್ನ ಮೈ ತನಗೆ ಕಾಣಲ್ಲ ಅಂತಿದ್ರು, ತೋರಿಸ್ತೀನಿ ಇರಿ.” ಹಾಳೆ ಕಿತ್ತುಕೊಂಡು ಮೆಟ್ಟಿಲು ಹತ್ತಿಯೇಬಿಟ್ಟರು. ಗುಮಾಸ್ತರು ಬೀದಿಯ ತಿರುವು ತಲುಪುವ ಹೊತ್ತಿಗೆ, “ಕೆಳಗಡೆ ಮನೆಯೋರು ನನ್ನ ಚಿತ್ರ ಯಾಕೆ ಬರೀಬೇಕು?” ಎಂಬ ಗರ್ಜನೆ ಹಿಂದಿನಿಂದ ಕೇಳಿಸಿತು. ಅವರು ಹೆಜ್ಜೆ ಚುರುಕು ಮಾಡಿದರು.

ಕಚೇರಿಯಲ್ಲಿ ಉಳಿದೊಂದು ಹಾಳೆಯನ್ನು ಫೈಲಿನ ನಡುವೆ ಇಟ್ಟುಕೊಂಡು, ಯಾರಿಗೆ ತೋರಿಸಿದರೆ ಅಪಾಯ ಕಡಿಮೆ ಎಂದು ಯೋಚಿಸುತ್ತಿದ್ದಾಗಲೇ ಕ್ಯಾಷಿಯರು ಬಂದು ಅದನ್ನೆಳೆದುಕೊಂಡರು. ಕ್ಯಾಷಿಯರರ ಬಾಯಲ್ಲಿ ಯಾವ ಮಾತೂ ಮಧ್ಯಾಹ್ನದ ಊಟದವರೆಗೆ ಉಳಿದ ಇತಿಹಾಸವಿಲ್ಲ.

“ಓ, ಮನೆಯವರ ಕೇಂದ್ರದ್ದಾ?” ಅವರು ಹಾಳೆಯನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಒಂದು ಕಣ್ಣು ಮುಚ್ಚಿದರು. “ಈ ದಪ್ಪನೆಯವರನ್ನ ಎಲ್ಲೋ ನೋಡಿದ್ದೀನಿ ಗುಮಾಸ್ತರೇ. ಎಲ್ಲೋ ಏನು, ದಿನಾ ನೋಡ್ತೀನಿ ಅನ್ಸುತ್ತೆ.”

ಗುಮಾಸ್ತರು ಮೇಜಿಗೆ ಇನ್ನಷ್ಟು ಒತ್ತಿಕೊಂಡು ಕೂತರು. ಮೇಜು ಇರುವವರೆಗೆ ಹೊಟ್ಟೆ ಕಾಣುವುದಿಲ್ಲವಲ್ಲ ಎಂಬುದೊಂದೇ ಧೈರ್ಯ.

“ಬಾಯಿ ತುದೀಲಿದೆ, ಬರ್ತಿಲ್ಲ,” ಎಂದು ಕ್ಯಾಷಿಯರು ತಲೆ ಕೆರೆದುಕೊಳ್ಳುತ್ತಿದ್ದಾಗ ಹಿಂದಿನಿಂದ ಒಂದು ಕೈ ಬಂದು ಹಾಳೆಯನ್ನು ಎತ್ತಿಕೊಂಡಿತು. ಸಾಹೇಬರ ಕೈ.

ಸಾಹೇಬರು ಎಷ್ಟು ತೆಳ್ಳಗಿದ್ದರೆಂದರೆ ಬೆಲ್ಟಿಗೆ ಮನೆಯಲ್ಲೇ ಮೊಳೆ ಹೊಡೆದು ಇನ್ನೆರಡು ತೂತು ಮಾಡಿಕೊಂಡಿದ್ದರು. ಅವರು ಚಿತ್ರವನ್ನು ಬಹಳ ಹೊತ್ತು ನೋಡಿದರು. ಮುಖ ಸಣ್ಣಗಾಯಿತು. “ಒಳಗೆ ಬನ್ನಿ,” ಎಂದು ಗುಮಾಸ್ತರನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು.

“ನಿಜ ಹೇಳಿ. ಇದು ನಾನೇ ತಾನೆ?”

ಗುಮಾಸ್ತರು ಮುಚ್ಚಿದ ಬಾಗಿಲ ಕಡೆ ತಿರುಗಿ ನೋಡಿದರು.

“ಹೋದ ವಾರ ಡಾಕ್ಟರು ಎರಡು ಕೆಜಿ ಜಾಸ್ತಿ ಆಗಿದೆ ಅಂದ್ರು. ಅವತ್ತಿಂದ ನಿದ್ದೆ ಇಲ್ಲ. ಎರಡು ಕೆಜಿ ಇಷ್ಟು ಕಾಣುತ್ತಾ?” ಸಾಹೇಬರು ಕೋಟಿನ ಗುಂಡಿ ಬಿಚ್ಚಿ ಪಕ್ಕಕ್ಕೆ ತಿರುಗಿ ನಿಂತರು. ಕಾಣಿಸಿದ್ದು ಬೆಲ್ಟು ಮಾತ್ರ.

ಅಲ್ಲ ಸಾರ್, ಅದು ನೀವಲ್ಲ ಎಂದು ಗುಮಾಸ್ತರು ಹೇಳಬಹುದಿತ್ತು. ಮತ್ತೆ ಯಾರು ಎಂದು ಸಾಹೇಬರು ಕೇಳಿದ್ದರೆ ಏನು ಗತಿ? ಅದೂ ಅಲ್ಲದೆ ಇಷ್ಟು ದೊಡ್ಡ ಬೆಂಬಲ ತಾನಾಗಿ ನಡೆದು ಬಂದಿರುವಾಗ ಬಿಡುವುದು ಬುದ್ಧಿವಂತರ ಲಕ್ಷಣವಲ್ಲ.

“ನನ್ನ ಕಣ್ಣಿಗೇನೂ ಕಾಣಲ್ಲ ಸಾರ್. ಆದ್ರೆ ಎದುರಿಗೇ ಎಂಟಡಿ ಬೋರ್ಡು ಬಂದ್ರೆ ಜನ ಏನಂತಾರೋ.”

“ಬರಬಾರದು. ಏನು ಮಾಡಿದ್ರೆ ತೆಗೀತಾರೆ?”

“ಬರವಣಿಗೆಯಲ್ಲಿ ಕೊಟ್ರೆ ತೆಗೀತಾರಂತೆ ಸಾರ್.”

“ಹಾಗಾದ್ರೆ ಬರೀರಿ. ಗಟ್ಟಿಯಾಗಿ ಬರೀರಿ. ನನ್ನ ಹೆಸರು ಎಲ್ಲೂ ಬರಬಾರದು.”

ನನ್ನದೂ ಬರಬಾರದು ಸಾರ್, ಎಂದು ಗುಮಾಸ್ತರು ಮನಸ್ಸಿನಲ್ಲೇ ಹೇಳಿಕೊಂಡರು.

ಯಾರ ಹೆಸರೂ ಬಾರದಂತೆ ಬರೆಯುವುದರಲ್ಲಿ ಅವರನ್ನು ಮೀರಿಸುವವರು ಆ ಕಚೇರಿಯಲ್ಲಿ ಯಾರೂ ಇರಲಿಲ್ಲ. ಇಪ್ಪತ್ತು ವರ್ಷದಲ್ಲಿ ‘ನಾನು’ ಎಂಬ ಪದ ಅವರ ಲೇಖನಿಯಿಂದ ಒಮ್ಮೆಯೂ ಹೊರಬಿದ್ದಿರಲಿಲ್ಲ. ಎಲ್ಲವೂ ಕಂಡುಬರುತ್ತಿತ್ತು, ತಿಳಿದುಬರುತ್ತಿತ್ತು, ಪರಿಗಣಿಸಲ್ಪಡುತ್ತಿತ್ತು. ಊಟದ ಡಬ್ಬಿಯನ್ನೂ ತೆರೆಯದೆ ಬರೆಯಲು ಕೂತರು. ತಾವು ಮೂವತ್ತು ವರ್ಷದಿಂದ ಕನ್ನಡಿಯ ಮುಂದೆ ನಿಂತು ನೊಂದುಕೊಂಡದ್ದೆಲ್ಲ ಸಲೀಸಾಗಿ ಕಾಗದಕ್ಕಿಳಿಯಿತು.

‘ವಿಷಯ: ಲೋಗೊದ ಎಡಬದಿಯ ಆಕೃತಿಯನ್ನು ಕೈಬಿಡುವ ಕುರಿತು.

ಒಂದು. ಸದರಿ ಆಕೃತಿಯು ಗೋಡೆಗೆ ಒರಗಿಸಿಟ್ಟ ಮೂಟೆಯಂತೆ ಕಂಡುಬರುತ್ತಿದೆ.

ಎರಡು. ಸದರಿ ಆಕೃತಿಗೆ ಕತ್ತು ಇರುವುದಿಲ್ಲ. ಇದ್ದಲ್ಲಿ ಅದು ಎಲ್ಲಿದೆ ಎಂಬುದು ತಿಳಿದುಬರುವುದಿಲ್ಲ.

ಮೂರು. ಸೊಂಟವು ಎಲ್ಲಿ ಆರಂಭವಾಗಿ ಎಲ್ಲಿ ಮುಕ್ತಾಯಗೊಳ್ಳುತ್ತದೆ ಎಂಬುದನ್ನು ಎಷ್ಟು ಪರಿಶೀಲಿಸಿದರೂ ನಿರ್ಧರಿಸಲಾಗಿಲ್ಲ.

ನಾಲ್ಕು. ಇಂಥ ದೇಹವನ್ನು ದಿನನಿತ್ಯ ನೋಡಿಕೊಂಡಿರುವ ಕುಟುಂಬದವರ ತಾಳ್ಮೆ ಮೆಚ್ಚತಕ್ಕದ್ದೇ ಆದರೂ, ಸಾರ್ವಜನಿಕರಿಂದ ಅಂಥ ತಾಳ್ಮೆಯನ್ನು ನಿರೀಕ್ಷಿಸಲಾಗದು.

ಐದು. ಈ ಅಭಿಪ್ರಾಯಕ್ಕೆ ಕಚೇರಿಯ ಸರ್ವಾನುಮತವಿರುತ್ತದೆ.’

ಸಾಹೇಬರು ಓದಿ, ಬಹಳ ಚೆನ್ನಾಗಿದೆ ಎಂದು ತಲೆದೂಗಿ, ಮೂಲೆಯಲ್ಲಿ ‘ನೋಡಿದೆ’ ಎಂದು ಗೀಚಿದರು. ಕ್ಯಾಷಿಯರು ಓದದೆಯೇ ರುಜು ಹಾಕಿದರು. ಗುಮಾಸ್ತರ ಬಲಗೈ ಅಭ್ಯಾಸಬಲದಿಂದ ಕಚೇರಿಯ ದುಂಡು ಮೊಹರನ್ನು ಎತ್ತಿ ಕೆಳಗೆ ಒತ್ತಿಯೂ ಬಿಟ್ಟಿತು.

ಮೂರು ಗಂಟೆಗೆ ಮಹಡಿ ಮನೆಯ ಯಜಮಾನಿಯ ಫೋನು ಬಂತು. “ಆ ಚಿತ್ರ ಮಾತ್ರ ತೆಗೆಸಬೇಡಿ. ನಮ್ಮನೆಯವರು ಅದನ್ನ ನೋಡಿ ಸಿಟ್ಟು ಮಾಡ್ಕೊಂಡು ವಾಕಿಂಗಿಗೆ ಹೋಗಿದ್ದಾರೆ. ಹನ್ನೆರಡು ವರ್ಷದಲ್ಲಿ ಇದೇ ಮೊದಲು.”

“ಆಗಲಿ, ಪರಿಶೀಲಿಸೋಣ,” ಎಂದು ಗುಮಾಸ್ತರು ಫೋನಿಟ್ಟರು. ಈ ಮಾತಿಗೆ ಆಗುವುದಿಲ್ಲ ಎಂದರ್ಥವೆಂದು ನೀರಿನ ಸಂಪರ್ಕಕ್ಕೆ ಅರ್ಜಿ ಹಾಕಿದವರಿಗೆಲ್ಲ ಗೊತ್ತು.

ಮೂರೂವರೆಗೆ ಪತ್ರದ ಫೋಟೋ ತೆಗೆದು ಬಾಮೈದನಿಗೆ ಕಳಿಸಿದರು. ಹತ್ತು ನಿಮಿಷ ಉತ್ತರವಿಲ್ಲ. ಆಮೇಲೆ ಬಂತು: ‘ಭಾವ, ಎಂಟು ವರ್ಷದಲ್ಲಿ ಇಷ್ಟು ಸ್ಪಷ್ಟವಾದ ಫೀಡ್‌ಬ್ಯಾಕ್ ನನಗೆ ಯಾರೂ ಕೊಟ್ಟಿರಲಿಲ್ಲ. ನಿಮ್ಮ ಧೈರ್ಯಕ್ಕೆ ನಮಸ್ಕಾರ. ಇಷ್ಟು ದೊಡ್ಡ ಬದಲಾವಣೆಗೆ ಅಕ್ಕನ ಒಪ್ಪಿಗೆ ಬೇಕು, ಅವಳಿಗೂ ಕಳಿಸಿದ್ದೀನಿ. ಐದಕ್ಕೆ ಕೇಂದ್ರಕ್ಕೆ ಬನ್ನಿ.’

ಧೈರ್ಯ ಎಂಬ ಮಾತು ಯಾಕೆ ಬಂತೆಂದು ಗುಮಾಸ್ತರು ಒಂದು ಕ್ಷಣ ಯೋಚಿಸಿದರು. ಪತ್ರ ಅಷ್ಟು ಗಟ್ಟಿಯಾಗಿದೆ, ಅದಕ್ಕೇ ಇರಬೇಕು ಎಂದುಕೊಂಡು ಸಮಾಧಾನ ಪಟ್ಟರು. ಬಿಟ್ಟಿದ್ದ ಊಟ ನೆನಪಾಯಿತು. ಡಬ್ಬಿ ಖಾಲಿ ಮಾಡಿ, ಕೆಲಸ ಗೆದ್ದ ಖುಷಿಗೆ ಮೇಲೆ ಎರಡು ಬನ್ನು ತರಿಸಿಕೊಂಡು ತಿಂದರು.

ಐದಕ್ಕೆ ಅವರು ರಸ್ತೆ ದಾಟಿದಾಗ ಸಾಹೇಬರೂ ಕ್ಯಾಷಿಯರೂ ಹಿಂದೆಯೇ ಬಂದರು. ಚಿತ್ರ ತೆಗೆದದ್ದನ್ನು ಕಣ್ಣಾರೆ ನೋಡದೆ ಸಾಹೇಬರಿಗೆ ಆ ರಾತ್ರಿಯೂ ನಿದ್ದೆ ಬರುವಂತಿರಲಿಲ್ಲ. ಕ್ಯಾಷಿಯರು ಬಂದದ್ದು ಸುಮ್ಮನೆ, ಎಲ್ಲ ಕಡೆಗೂ ಬರುವಂತೆ.

ಮಹಡಿಯ ಮೆಟ್ಟಿಲು ಹತ್ತಿ ಮೊದಲು ಒಳಗೆ ಕಾಲಿಟ್ಟ ಗುಮಾಸ್ತರು ಅಲ್ಲೇ ನಿಂತುಬಿಟ್ಟರು. ಹೊಸ ಬಣ್ಣದ ವಾಸನೆ. ಮೂಲೆಯಲ್ಲಿ ಹೊಳೆಯುವ ತೂಕದ ಯಂತ್ರ. ಗೋಡೆಗೆ ಅಂಟಿಸಿದ್ದ ಆಳೆತ್ತರದ ಲೋಗೊ. ಅದರ ಪಕ್ಕದ ಬಾಗಿಲಿಗೆ ಒರಗಿ, ಒಂದು ಕೈ ಸೊಂಟಕ್ಕೆ ಕೊಟ್ಟು, ಒಂಚೂರು ಎಡಕ್ಕೆ ವಾಲಿ ನಿಂತಿದ್ದ ಹೆಂಡತಿ. ಬೆಳಿಗ್ಗೆಯಿದ್ದ ಸೌಟು ಈಗ ಕೈಯಲ್ಲಿರಲಿಲ್ಲ. ಇನ್ನೊಂದು ಕೈಯಲ್ಲಿ ಮೊಬೈಲು ಇತ್ತು.

ಗುಮಾಸ್ತರು ಹೆಂಡತಿಯನ್ನು ನೋಡಿದರು. ಗೋಡೆಯ ಆಕೃತಿಯನ್ನು ನೋಡಿದರು. ಅದೇ ಒರಗು, ಅದೇ ವಾಲು, ಅದೇ ಕೈ. ಮೇಜಿನ ಮೇಲೆ ಎರಡು ವರ್ಷದ ಹಿಂದಿನ ಆಕೆಯ ಫೋಟೋ ಬಿದ್ದಿತ್ತು, ಇಪ್ಪತ್ತೆರಡು ಕೆಜಿ ಇಳಿಯುವ ಮುಂಚಿನದು.

“‘ಗೋಡೆಗೆ ಒರಗಿಸಿಟ್ಟ ಮೂಟೆಯಂತೆ,’” ಹೆಂಡತಿ ಮೊಬೈಲು ನೋಡಿ ಓದಿದರು. ದನಿ ಏರಿರಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು. “‘ಕತ್ತು ಇರುವುದಿಲ್ಲ.’ ಸರ್ಕಾರಿ ಮೊಹರು ಬೇರೆ. ಇಡೀ ಆಫೀಸು ಕೆಲಸ ಬಿಟ್ಟು ನನ್ನ ಸೊಂಟ ಹುಡುಕ್ತಾ ಕೂತಿತ್ತಾ?”

ಬಾಗಿಲಲ್ಲಿ ನಿಂತಿದ್ದ ಸಾಹೇಬರು ಕ್ಯಾಷಿಯರರ ಹಿಂದೆ ಸರಿದರು. ಸಾಹೇಬರು ಮರೆಯಾಗುವುದಕ್ಕೆ ಕ್ಯಾಷಿಯರರ ಅರ್ಧ ಬೆನ್ನೇ ಸಾಕಾಯಿತು.

“ನೀನು... ಇದು ನೀನು ಅಂತ ನನಗೆ...”

“ಹಾಗೇ ಇದ್ದೆ. ನನಗೇನು ಗೊತ್ತಿಲ್ವಾ? ಮನೇಲಿ ಕನ್ನಡಿ ಇತ್ತು. ಆದ್ರೆ ಅಷ್ಟು ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನ, ನೀವು ನನ್ನ ಮೈ ಬಗ್ಗೆ ಒಂದು ಮಾತಾಡಿರಲಿಲ್ಲ. ನಾಳೆ ಎಲ್ಲರ ಮುಂದೆ ಅದನ್ನೇ ಹೇಳಬೇಕು ಅಂತಿದ್ದೆ. ಇದು ನಾನು, ನಾನು ಹೀಗಿದ್ದಾಗ್ಲೂ ಹಾಗಿದ್ದಾಗ್ಲೂ ಇವರು ನನ್ನನ್ನ ಒಂದೇ ಥರ ನೋಡಿದ್ರು ಅಂತ.” ಆಕೆ ಮತ್ತೆ ಮೊಬೈಲಿನತ್ತ ಕಣ್ಣು ತಿರುಗಿಸಿದರು. ಈ ಸಲ ದನಿ ಸ್ವಲ್ಪ ಒಡೆಯಿತು. “‘ಕುಟುಂಬದವರ ತಾಳ್ಮೆ ಮೆಚ್ಚತಕ್ಕದ್ದೇ.’ ಇಷ್ಟು ದಿನ ತಾಳ್ಮೆಯಿಂದ ಸಹಿಸಿಕೊಂಡಿದ್ರಾ?”

ಹೆಂಡತಿ ಹಾಗಿದ್ದಳೆಂಬುದನ್ನು ಗುಮಾಸ್ತರು ನಿಜಕ್ಕೂ ಗಮನಿಸಿರಲಿಲ್ಲ. ಅವಳೆಂದರೆ ಅವಳು, ಅಷ್ಟೇ. ತೂಕ ಇಳಿದದ್ದೂ ಅವರಿಗೆ ಗೊತ್ತಾಗಿದ್ದು ಬೀದಿಯವರು ಹೇಳಿದ ಮೇಲೆ. ಸಹಾಯಕ್ಕಾಗಿ ಬಾಮೈದನ ಕಡೆ ನೋಡಿದರು. ಅವನು ಏಣಿಯ ಮೇಲೆ ಹತ್ತಿ, ಏನೂ ಇಲ್ಲದ ಛಾವಣಿಯನ್ನು ಒರೆಸುತ್ತಿದ್ದ.

“ನೀನಾದ್ರೂ ಮೊದಲೇ ಹೇಳಬಾರದಿತ್ತಾ?”

“ಅಷ್ಟು ಗಟ್ಟಿಯಾಗಿ ಬರೆದಿದ್ರಲ್ಲ ಭಾವ. ಗೊತ್ತಿದ್ದೇ ಬರೆದಿದ್ದೀರಿ ಅನ್ಕೊಂಡೆ.”

ಇನ್ನು ಒಂದೇ ದಾರಿ ಉಳಿದಿತ್ತು. ಬೆಳಗಿನಿಂದ ಯಾವ ಮಾತನ್ನು ನುಂಗಿಕೊಂಡು ಊರೆಲ್ಲ ಓಡಾಡಿದ್ದರೋ ಅದೇ ಮಾತು.

“ಅದು ನಾನು ಅನ್ಕೊಂಡೆ,” ಎಂದರು ಮೆಲ್ಲಗೆ.

“ಏನು?”

“ಆ ಚಿತ್ರ. ನಾನು ಅನ್ಕೊಂಡೆ. ನನ್ನ ಬಗ್ಗೆನೇ ಬರೆದದ್ದು ಅಷ್ಟೂ.”

“ಸುಮ್ನೆ ಏನೋ ಹೇಳ್ಬೇಡಿ,” ಹೆಂಡತಿ ಮುಖ ತಿರುಗಿಸಿದರು. “ನೀವೆಲ್ಲಿ, ಅದೆಲ್ಲಿ.”

ಬೇರೆ ಯಾವ ದಿನವಾದರೂ ಈ ಮಾತು ಕೇಳಿ ಗುಮಾಸ್ತರು ಹಿಗ್ಗಿಹೋಗುತ್ತಿದ್ದರು. ಈವತ್ತು ಅದನ್ನು ಸುಳ್ಳೆಂದು ಸಾಧಿಸಬೇಕಾಗಿತ್ತು. ಅವರು ಕೋಟು ಕಳಚಿದರು. ಸಾಹೇಬರೂ ಕ್ಯಾಷಿಯರೂ ನೋಡುತ್ತಿದ್ದಂತೆಯೇ ಗೋಡೆಯ ಲೋಗೊದ ಪಕ್ಕ ಹೋಗಿ, ಪಕ್ಕಕ್ಕೆ ತಿರುಗಿ, ಬೆಳಗಿನಿಂದ ಬಿಗಿಹಿಡಿದಿದ್ದ ಉಸಿರನ್ನು ಪೂರ್ತಿಯಾಗಿ ಬಿಟ್ಟರು. ಡಬ್ಬಿಯೂಟ, ಎರಡು ಬನ್ನು ಸಮೇತ ಹೊಟ್ಟೆ ತನ್ನ ಜಾಗಕ್ಕೆ ಬಂದು ನಿಂತಿತು.

“ನೋಡು, ಎಡಕ್ಕೆ ವಾಲಿದ್ದೀನಾ? ಚೀಲ ಹಿಡಿದು ಹಿಡಿದು ಆಗಿದ್ದು. ಕತ್ತು ಎಲ್ಲಿದೆ ತೋರಿಸು. ಸೊಂಟ ಹುಡುಕು, ನೀನೇ ಹುಡುಕು. ಇದೇ ಕೈ, ಇದೇ ಹೊಟ್ಟೆ. ಒಂದು ಗೆರೆ ಆಚೀಚೆ ಇದ್ರೆ ಹೇಳು.” “ನಾಲ್ಕನೇದು ಬರೆದಿದ್ದೀನಲ್ಲ, ಕುಟುಂಬದವರ ತಾಳ್ಮೆ ಅಂತ. ಆ ಕುಟುಂಬದವರು ನೀನು. ದಿನಾ ಇದನ್ನ ನೋಡ್ಕೊಂಡು ಒಂದು ಮಾತೂ ಅನ್ನದೆ ಇರೋಳು ನೀನು.”

ಹೆಂಡತಿ ಅವರನ್ನು ನೋಡಿದರು, ಗೋಡೆಯನ್ನು ನೋಡಿದರು, ಮತ್ತೆ ಅವರನ್ನು ನೋಡಿದರು. ಆಮೇಲೆ ತಡೆಯಲಾಗದೆ ನಕ್ಕರು. ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಅಯ್ಯೋ, ಹೌದಲ್ರೀ. ನೀವೇ.”

“ನಾನೇ,” ಎಂದರು ಗುಮಾಸ್ತರು, ಬದುಕಿದೆ ಎಂದುಕೊಂಡು.

“ಹಾಗಾದ್ರೆ ನಾನಲ್ಲ,” ಎಂದು ಸಾಹೇಬರು ಕ್ಯಾಷಿಯರರ ಹಿಂದಿನಿಂದ ಹೊರಬಂದು ಕೋಟಿನ ಗುಂಡಿ ಹಾಕಿಕೊಂಡರು. ಒಂದು ವಾರದ ಮೇಲೆ ಅವರ ಮುಖದಲ್ಲಿ ಕಳೆ ಬಂದಿತ್ತು.

“ನಾನು ಬೆಳಿಗ್ಗೆನೇ ಹೇಳಿದ್ನಲ್ಲ, ದಿನಾ ನೋಡ್ತೀನಿ ಅಂತ,” ಎಂದರು ಕ್ಯಾಷಿಯರು.

ಹೆಂಡತಿ ಗಂಡನ ಕೈ ಹಿಡಿದು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಅಂಕಿಗಳು ಓಡಾಡಿ ತೊಂಬತ್ತನಾಲ್ಕು ಮುಕ್ಕಾಲಿಗೆ ನಿಂತವು. ಆಕೆ ಹುಬ್ಬೇರಿಸಿ, ಮೇಜಿನ ಡ್ರಾಯರಿನಿಂದ ತಮ್ಮದೇ ಹಳೆಯ ಕಾರ್ಡು ತೆಗೆದು ನೋಡಿದರು. ಒಂದೂವರೆ ವರ್ಷದ ಹಿಂದಿನ ಮೊದಲನೆಯ ದಿನದ ತೂಕ, ತೊಂಬತ್ತನಾಲ್ಕು ಮುಕ್ಕಾಲು.

“ನಾನು ಇಳಿಸಿದ್ದು ಎಲ್ಲಿಗೆ ಹೋಯ್ತು ಅಂತ ಈಗ ಗೊತ್ತಾಯ್ತು,” ಎಂದು ತಮ್ಮನ ಕಡೆ ತಿರುಗಿದರು. “ಚಿತ್ರ ಹಾಗೇ ಇರಲಿ ಕಣೋ. ಒಂದು ಗೆರೆನೂ ಮುಟ್ಟಬೇಡ. ನಾಳೆ ಭಾಷಣ ಮಾತ್ರ ಬದಲಾಯ್ತು. ಅದು ನಾನಲ್ಲ, ಇವರು ಅಂತ ಹೇಳ್ತೀನಿ. ಎರಡು ವರ್ಷದ ಹಿಂದಿನ ಫೋಟೋ ಯಾರು ನಂಬ್ತಾರೆ? ಇವರಾದ್ರೆ ಪಕ್ಕದಲ್ಲೇ ನಿಂತಿರ್ತಾರೆ.”

“ಬೇಡ,” ಎಂದರು ಗುಮಾಸ್ತರು.

“ಈಗ ತಾನೆ ನೀವೇ ಅಂದ್ರಲ್ಲ ನಾನು ಅಂತ. ನೀವಲ್ವಾ ಹಾಗಾದ್ರೆ? ನಾನಾ?”

ಗುಮಾಸ್ತರು ಯಂತ್ರದ ಮೇಲೆಯೇ ನಿಂತು ಸಾಹೇಬರನ್ನು ನೋಡಿದರು, ಕ್ಯಾಷಿಯರರನ್ನು ನೋಡಿದರು, ಮೊಬೈಲಿನಲ್ಲಿ ಇನ್ನೂ ಬೆಳಗುತ್ತಿದ್ದ ತಮ್ಮ ಪತ್ರವನ್ನು ನೋಡಿದರು. “ನಾನೇ,” ಎಂದರು.

“ಒಂದು ಕೈಚೀಲ ಸೇರಿಸ್ತೀನಿ ಅಕ್ಕ,” ಎಂದ ಬಾಮೈದ ಏಣಿಯಿಂದ ಇಳಿಯುತ್ತ. “ಎಡಗೈಗೆ. ಆಗ ಯಾರಿಗೂ ಅನುಮಾನ ಬರಲ್ಲ.”

ಎದುರಿಗಿದ್ದ ಕ್ಯಾಷಿಯರು ಮಾತ್ರ ಯಾವುದೋ ಯೋಚನೆಯಲ್ಲಿದ್ದರು. ಒಮ್ಮೆ ಚಿತ್ರದತ್ತ, ಒಮ್ಮೆ ಗುಮಾಸ್ತರತ್ತ ನೋಡುತ್ತ ಎರಡು ಕೈಗಳಿಂದ ಗಾಳಿಯಲ್ಲಿ ಒಂದು ದುಂಡನೆಯ ಆಕಾರ ಬಿಡಿಸುತ್ತಿದ್ದರು. “ಈ ಆಕಾರದ್ದು ಮನೇಲಿ ಒಂದು ಇರ್ತಿತ್ತಲ್ಲ. ಮೊದಲೆಲ್ಲ ನೀರು ತುಂಬಿಡೋರು. ಅಗಲ ಹೊಟ್ಟೆ, ಕತ್ತೇ ಇರಲ್ಲ. ಏನಂತಾರೆ ಅದಕ್ಕೆ? ಬಾಯಿ ತುದೀಲಿದೆ.”

ಆ ಹೆಸರು ಜ್ಞಾಪಕಕ್ಕೆ ಬಾರದಿರಲಿ ಎಂದು ಗುಮಾಸ್ತರು ಮನಸ್ಸಿನಲ್ಲೇ ಕೈ ಮುಗಿದರು.

ಹೆಂಡತಿ ಹೊಸ ಕಾರ್ಡೊಂದನ್ನು ತೆಗೆದು, ಒಂದನೇ ನಂಬರು ಹಾಕಿ, ಪೆನ್ನು ಹಿಡಿದು ತಮಾಷೆಗೆ ಅಧಿಕಾರದ ದನಿಯಲ್ಲಿ ಕೇಳಿದರು. “ಹೆಸರು?”

ಗುಮಾಸ್ತರು ಬಾಯಿ ತೆರೆಯುವ ಮೊದಲೇ, ನೀರು ಸರಬರಾಜು ಕಚೇರಿಯ ಸಾಹೇಬರು, ನೀರು ತುಂಬಿಡುವ ಪಾತ್ರೆಗಳ ವಿಷಯದಲ್ಲಿ ತಮಗಿಂತ ಬಲ್ಲವರಿಲ್ಲ ಎಂಬ ಗತ್ತಿನಲ್ಲಿ, “ಗುಡಾಣ,” ಎಂದರು.